ಮಾವನ ಅಂಗಡಿಯ ಮೂರನೇ ಕುರ್ಚಿ

ಮನೆಯಲ್ಲಿ ಅವಳಿಗೆ ರೇಡಿಯೋ ಅಂತ ಹೆಸರು. ಇಟ್ಟವನು ಸೋದರಮಾವ, ಕ್ಷೌರದಂಗಡಿಯವನು. ಹೆಸರು ಸುಮ್ಮನೆ ಬಂದದ್ದಲ್ಲ ಎಂದು ಅವಳಿಗೆ ಖಾತ್ರಿಯಾದದ್ದು ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ. ಮಾವನ ಅಂಗಡಿಯ ಮೇಲೊಂದು ಸಾಕ್ಷ್ಯಚಿತ್ರ ಮಾಡಿ ಒಪ್ಪಿಸಬೇಕಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾಳೆ, ಮಾವ ಬಾಯಿ ತೆರೆಯುವುದೇ ತಡ, ಇವಳು ಮುಂದಿನ ಪ್ರಶ್ನೆ ಎಸೆದಾಗಿದೆ. ಅಯ್ಯೋ, ಒಂದೇ ಒಂದು ಉತ್ತರವಾದರೂ ಪೂರ್ತಿ ಬೇಡವೇ!

ಪಕ್ಕದಲ್ಲಿ ಕೂತಿದ್ದ ಗೆಳತಿ ಬಿದ್ದು ಬಿದ್ದು ನಕ್ಕಳು. "ಇದು ನಿಮ್ಮ ಮಾವನ ಸಿನಿಮಾನೋ, ನಿಂದೋ?"

ಒಂದು ಕಡೆ ಮಾತ್ರ ಇಬ್ಬರ ನಗುವೂ ನಿಂತಿತು. ಅಂಗಡಿಯಲ್ಲಿ ಕುರ್ಚಿ ಮೂರು. ಎರಡರಲ್ಲಿ ಮಾವ ಮತ್ತು ಅವನ ಕೆಲಸಗಾರ ಕಟಿಂಗ್ ಮಾಡುತ್ತಾರೆ. ಮೂರನೆಯದರ ಮೇಲೆ ಸದಾ ಒಂದು ಬಿಳಿ ಟವೆಲು. ಗಿರಾಕಿಗಳು ಬೆಂಚಿನ ತುಂಬ ಕಾದಿದ್ದರೂ ಅದಕ್ಕೆ ಯಾರನ್ನೂ ಕೂರಿಸುವುದಿಲ್ಲ.

"ಆ ಕುರ್ಚಿ ಯಾಕೆ ಖಾಲಿ, ಮಾವ?" ಎಂದು ರೇಡಿಯೋ ದನಿ.

ಮಾವ ಬಾಚಣಿಗೆ ಕೆಳಗಿಡುತ್ತಾನೆ. "ಅದಾ? ಅದು ನಿಮ್ಮ..."

"ದಿನಾ ಅಂಗಡಿ ತೆಗೆಯೋದು ಎಷ್ಟೊತ್ತಿಗೆ?"

"ನನ್ನ ಬಾಯಿಗಿಷ್ಟು ಮಣ್ಣು ಹಾಕ!" ಎಂದು ಅವಳು ಹಣೆ ಚಚ್ಚಿಕೊಂಡಳು. ನಿಮ್ಮ ಏನು? ನಿಮ್ಮ ಯಾರು? ಅದು ಗೊತ್ತಾಗುವ ತನಕ ಚಿತ್ರ ಮುಗಿಸುವುದು ಹಾಗಿರಲಿ, ಊಟವೂ ಸೇರುವಂತಿರಲಿಲ್ಲ.

ಸಂಜೆ ಬಟ್ಟೆ ಮಡಚುತ್ತಿದ್ದ ಅಮ್ಮನ ಮುಂದೆ ಲ್ಯಾಪ್‌ಟಾಪ್ ಇಟ್ಟಳು. ಅಮ್ಮ ಅಣ್ಣನ ಮನೆಗೆ ಹೋಗುತ್ತಾಳೆ, ಅಂಗಡಿಗೆ ಮಾತ್ರ ಕಾಲಿಡುವುದಿಲ್ಲ. ಅವಳು ನೋಡಿದ್ದು ಅಣ್ಣನ ಮುಖವನ್ನಲ್ಲ, ಕುರ್ಚಿಯನ್ನು.

"ಟವೆಲ್ ಒಗೆದಿದಾನೆ," ಎಂದಳು.

ಪ್ರಶ್ನೆ ಗಂಟಲಿಗೆ ಬಂದಿತ್ತು. ರೇಡಿಯೋ ನುಂಗಿಕೊಂಡಳು.

"ನಂದು ಕಣೇ ಅದು. ಮದುವೆಗೆ ಮುಂಚೆ ನಾನೂ ಅಲ್ಲೇ ಕೆಲಸ ಮಾಡ್ತಿದ್ದೆ. ಒಂದಿನ ನಾನು ಮುಗಿಸಿದ ತಲೆಗೆ ನಿಮ್ಮ ಮಾವ ಮತ್ತೆ ಕತ್ತರಿ ಹಾಕ್ದ, ಗಿರಾಕಿ ಎದುರಿಗೇ. ಅವಮಾನ ತಡೆಯೋಕಾಗ್ಲಿಲ್ಲ, ಎದ್ದು ಬಂದ್ಬಿಟ್ಟೆ." ಅಮ್ಮ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. "ಅಲ್ಲ, ಇಷ್ಟು ವರ್ಷ ಹಾಗೇ ಇಟ್ಕೊಂಡಿದಾನಾ!"

ಮರುದಿನ ಮಧ್ಯಾಹ್ನ ಅಂಗಡಿ ಖಾಲಿಯಿರುವ ಹೊತ್ತಿಗೆ ಅಮ್ಮ ತನ್ನ ಹಳೇ ಕತ್ತರಿ ಹಿಡಿದು ಹೊರಟಳು. ಹಿಂದೆ ಕ್ಯಾಮೆರಾ ಹೊತ್ತ ಮಗಳು. ಬಾಗಿಲಲ್ಲಿ ತಂಗಿಯನ್ನು ಕಂಡ ಮಾವ ಎದ್ದು ನಿಂತ. ಟವೆಲು ಎತ್ತಿ, ಆ ಕುರ್ಚಿಯಲ್ಲಿ ತಾನೇ ಕೂತುಬಿಟ್ಟ.

ಅಮ್ಮ ಅವನ ಕುತ್ತಿಗೆಗೆ ಬಟ್ಟೆ ಕಟ್ಟಿದಳು. ಮೊದಮೊದಲು ಅಳೆದು ಅಳೆದು ಕತ್ತರಿಸಿದಳು, ಆಮೇಲೆ ಕತ್ತರಿ ಹಳೆಯ ಓಟಕ್ಕೆ ಬಿತ್ತು. ಅರ್ಧ ಮುಗಿದಿತ್ತು. ಮಾವ ಕನ್ನಡಿ ನೋಡಿ, "ಎಡಗಡೆ ಕಿವಿ ಹತ್ರ ಒಂಚೂರು..." ಎಂದ.

ಕತ್ತರಿ ನಿಂತಿತು.

ಹುಟ್ಟುಗುಣ ಬಿಡುತ್ತದೆಯೇ ಈ ಮಾವನನ್ನು! ಏನಾದರೂ ಹೇಳಿ ಮಾತು ತೇಲಿಸೋಣವೆಂದು ಬಾಯಿ ತೆರೆದ ಮಗಳು ಹಲ್ಲುಕಚ್ಚಿ ಮುಚ್ಚಿಕೊಂಡಳು. ಕ್ಯಾಮೆರಾ ಓಡುತ್ತಿತ್ತು. ಗೋಡೆಯ ಫ್ಯಾನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿತು.

"ಏನಿಲ್ಲ," ಎಂದ ಮಾವ ಕೊನೆಗೆ. "ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಮ್ಮ. ಅವತ್ತೂ ಇಷ್ಟೇ ಹೇಳ್ಬೇಕಿತ್ತು ನಾನು."

"ತಲೆ ಅಲ್ಲಾಡಿಸ್ಬೇಡ," ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು.

ಚಿತ್ರದ ಕೊನೆಯ ದೃಶ್ಯ ಅದರ ಮಾರನೆಯ ದಿನದ್ದು. ಅಂಗಡಿಯ ಕೆಲಸಗಾರ ಮಾವನನ್ನು ಹಿಂದಿನಿಂದ ದಿಟ್ಟಿಸುತ್ತಾನೆ, ಕತ್ತರಿ ಎತ್ತಿಕೊಂಡು ಹತ್ತಿರ ಬರುತ್ತಾನೆ.

"ಎಡಗಡೆ ಉದ್ದ ಉಳಿದಿದೆಯಲ್ಲ ಅಣ್ಣ, ಸರಿ ಮಾಡ್ಲಾ?"

ಮಾವ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತಾನೆ. "ಮುಟ್ಟಿದ್ರೆ ನೋಡು! ತಂಗಿ ಮಾಡಿದ್ದು."