ಗೋಡೆಯಾಚೆಯ ಖಟ್ಟಿ ದಾಲ್

ಗುರುದೇವಿ ಮಸರತಳ ಮನೆಯಲ್ಲಿ ಒಂದು ತುತ್ತೂ ಉಂಡಿರಲಿಲ್ಲ.

ಶಹಾಪುರದಲ್ಲಿ ಏಳು ವರ್ಷ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಎದೆಮಟ್ಟದ್ದು. ಸುರಪುರದಿಂದ ಸೊಸೆಯಾಗಿ ಬಂದ ಗುರುದೇವಿಯನ್ನು ಆ ಓಣಿಯಲ್ಲಿ ಮೊದಲು ಮಾತಾಡಿಸಿದವಳೇ ಮಸರತ. ಗುರುದೇವಿ ಬಡಿದ ಬಿಸಿ ರೊಟ್ಟಿ ಗೋಡೆ ದಾಟಿ ಆಚೆ ಹೋಗುತ್ತಿತ್ತು. ಆಚೆಯಿಂದ ಈಚೆ ಬರುತ್ತಿದ್ದದ್ದು ವಾಸನೆ ಮಾತ್ರ. ಶುಕ್ರವಾರಕ್ಕೊಮ್ಮೆ ಮಸರತಳ ತಾಯಿ ಮಸ್ತಾನಬಿ, ಗುರುದೇವಿಯ ಬಾಯಲ್ಲಿ ಚಾಚಿ, ಖಟ್ಟಿ ದಾಲ್ ಮಾಡುವಳು. ತೊಗರಿಬೇಳೆ, ಹುಣಸೆಹುಳಿ, ಮೇಲೆ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ. ಒಗ್ಗರಣೆ ಚುರ್ ಅಂದಾಗ ಈಚೆ ಹಿಟ್ಟು ನಾದುತ್ತಿದ್ದ ಗುರುದೇವಿಯ ಕೈ ನಿಲ್ಲುತ್ತಿತ್ತು. ಅದರಲ್ಲಿ ಮಾಂಸವಿಲ್ಲ, ತತ್ತಿಯಿಲ್ಲ, ಬರೀ ಬೇಳೆ.

ಒಂದು ಸಲ ಮಸರತ ಒಂದು ಬಟ್ಟಲು ಈಚೆ ದಾಟಿಸಿದಳು. ಗುರುದೇವಿ ಕೈಯೊಡ್ಡಿ ತಗೊಂಡಿದ್ದೇ ತಡ, ಅತ್ತೆ ಅದನ್ನು ಕಸಿದು ಬೇವಿನ ಗಿಡದ ಬುಡಕ್ಕೆ ಸುರಿದಳು. ಬಟ್ಟಲನ್ನು ಬೂದಿ ಹಚ್ಚಿ ತಿಕ್ಕಿ ಗೋಡೆಯ ಮೇಲೆ ಬೋರಲು ಹಾಕಿದಳು. ಮಸರತ ಆಚೆ ನಿಂತು ಎಲ್ಲ ನೋಡಿದಳು. ಗುರುದೇವಿ ಬಾಯಿ ಬಿಡಲಿಲ್ಲ. ಆಮೇಲೆ ಯಾವ ಬಟ್ಟಲೂ ಗೋಡೆ ದಾಟಲಿಲ್ಲ. ಮಸರತ ರೊಟ್ಟಿ ಮಾತ್ರ ತಗೊಳ್ಳುತ್ತ ಹೋದಳು, ನಗುನಗುತ್ತಲೇ.

ಮಸರತಳನ್ನು ಹೈದರಾಬಾದಿಗೆ ಮದುವೆ ಮಾಡಿ ಕೊಟ್ಟರು. ಒಬ್ಬಳೇ ಉಳಿದ ಮಸ್ತಾನಬಿಯೂ ಮಗಳ ಹಿಂದೆ ಹೋದಳು. ಹೋದ ವರ್ಷ ಗುರುದೇವಿಯ ಅತ್ತೆ ತೀರಿಕೊಂಡಳು. ಫೋನಿನಲ್ಲಿ ಮಸರತಳದು ಯಾವಾಗಲೂ ಒಂದೇ ರಾಗ.

“ಒಮ್ಮೆ ಬಾರೇ. ತಿನ್ನಾಕಂತ ಇಡೀ ದೇಶ ಈ ಊರಿಗಿ ಬರ್ತದ. ನಿನಗ ಉಣ್ಣಾಕ ಒಂದು ಜಾಗ ಸಿಗಂಗಿಲ್ಲೇನು?”

“ಎಲ್ಲಿ ಉಣಸ್ತೀ?”

“ಅದನ್ನ ನನಗ ಬಿಡು.”

ಗುರುದೇವಿ ಈಗ ರೊಟ್ಟಿ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಹೈದರಾಬಾದಿನಲ್ಲಿ ಸಿರಿಧಾನ್ಯದ ಮೇಳ, ಮೂರು ದಿನ ಅಂಗಡಿ ಹಾಕಬೇಕು ಎಂದು ಕೇಂದ್ರದ ಯಜಮಾನಿ ದಾನೇಶ್ವರಿ ಆರು ಹೆಂಗಸರನ್ನು ಯಾದಗಿರಿಯಲ್ಲಿ ರೈಲು ಹತ್ತಿಸಿದಳು. ಗುರುದೇವಿ ದಾರಿಯುದ್ದಕ್ಕೂ ಒಂದು ಮಾತನ್ನು ಮನಸ್ಸಿನಲ್ಲೇ ಉರು ಹೊಡೆದಳು: ಹೋಟೆಲ್ ಬ್ಯಾಡ, ನಿಮ್ಮ ಮನಿಗಿ ಕರಕೊಂಡು ಹೋಗು.

ಮೇಳದಲ್ಲಿ ಉಸಿರಾಡಲು ಬಿಡುವಿಲ್ಲ. ಊರು ನೋಡಲು ಬಂದವರೆಲ್ಲ ಅಲ್ಲಿಗೇ ಬಂದು ಎಣ್ಣೆಗಾಯಿ, ಶೇಂಗಾ ಹಿಂಡಿ, ರೊಟ್ಟಿ ಉಂಡು, ರೊಟ್ಟಿ ಬಡಿಯುವ ಗುರುದೇವಿಯ ಅಂಗೈಯನ್ನು ಫೋನಿನಲ್ಲಿ ಸೆರೆಹಿಡಿದುಕೊಂಡು ಹೋದರು. ಮೂರನೆಯ ದಿನ ಮಧ್ಯಾಹ್ನ ಒಂದಕ್ಕೆ ದಾನೇಶ್ವರಿ ಬಿಟ್ಟಳು.

“ಎರಡೂವರಿಗಿ ಇಲ್ಲಿರಬೇಕು ನೋಡವಾ. ನಿನ್ನ ಗೆಳತಿ ಸಲುವಾಗಿ ರೈಲು ನಿಲ್ಲಂಗಿಲ್ಲ.”

ಮಸರತ ಸ್ಕೂಟಿ ತಂದಿದ್ದಳು. ಬುರ್ಖಾದ ಮುಸುಕು ಸರಿಸಿ ಗುರುದೇವಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಬಡದು ಬಡದು ನೀನೇ ತೆಳ್ಳನ ರೊಟ್ಟಿ ಆಗೀದಿ!”

“ನೀ ಮಾತ್ರ ಹೋಳಿಗಿ ಆಗೀದಿ, ಹೂರಣ ಹೆಚ್ಚಾಗ್ಯಾದ.”

ಮೊದಲನೆಯ ಹೋಟೆಲಿನ ಸಾಲು ರಸ್ತೆಗೆ ಬಂದಿತ್ತು. ಆಗಷ್ಟೇ ಒಂದು ಬಸ್ಸು ಪ್ರವಾಸಿಗರು ಇಳಿದಿದ್ದರು.

“ಇದರ ಒಲೀತನಕ ಹೋಗಿ ನೋಡಿ ಬಂದೀನಿ. ತತ್ತಿ ಸುದ್ದಾ ಒಳಗ ಬಿಡಂಗಿಲ್ಲ,” ಎಂದು ಮಸರತ ಕೈ ಹಿಸುಕಿಕೊಂಡಳು. “ನಡಿ, ಇನ್ನೊಂದದ.”

ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಅವಳು ಗದ್ದ ಎತ್ತಿ ತೋರಿಸಿದಳು.

“ನಮ್ಮ ಮನಿ ಈ ಗಲ್ಲಿಯಾಗ. ಹಸರು ಬಾಗಲ.”

ಸ್ಕೂಟಿ ನಿಧಾನವಾಗಲಿಲ್ಲ. ಗುರುದೇವಿ ಬಾಯಿ ತೆರೆದಳು. ಕರೆಯುವ ಮನಸ್ಸಿದ್ದರೆ ಅವಳೇ ಕರೆಯುತ್ತಿದ್ದಳು. ಆ ಬಟ್ಟಲನ್ನು ಮಸರತ ಮರೆತಿಲ್ಲ, ಯಾಕೆ ಮರೀಬೇಕು ಅಂತ ಅನ್ನಿಸಿತು. ಉರು ಹೊಡೆದ ಮಾತು ಹೊರಬರಲಿಲ್ಲ. ಬೇರೆಯೇ ಬಂತು.

“ಚಾಚಿ ಹ್ಯಾಂಗದಾಳ?”

“ಅದಾಳ. ಮೊಣಕಾಲು ಹಿಡದಾವ. ನಿನ್ನ ಭಾಳ ನೆನಸ್ತಾಳ.”

ಎರಡನೆಯ ಹೋಟೆಲು ಮುಚ್ಚಿತ್ತು. ಒಳಗೆ ಬಣ್ಣ ಬಳಿಯುತ್ತಿದ್ದರು. ಮೂರನೆಯದರಲ್ಲಿ ಕುರ್ಚಿ ಸಿಕ್ಕಿತು. ಕೂತವರ ಬೆನ್ನ ಹಿಂದೆ ಒಬ್ಬೊಬ್ಬರು ನಿಂತು, ಯಾವಾಗ ಏಳುತ್ತಾರೋ ಎಂದು ಎಲೆ ನೋಡುತ್ತಿದ್ದರು. ಬಡಿಸುವವನು ಬಂದು ಅನ್ನ ತೀರಿದೆ, ಇನ್ನೊಂದು ಹಂಡೆ ಬೇಯುತ್ತಿದೆ ಎಂದ.

“ಭೈಯಾ, ಮೂರು ಸಲ ಬಂದು ಕೇಳಿ ಹೋಗೀನಿ ನಾನು!” ಸಿಟ್ಟಿನಲ್ಲಿ ಮಸರತಳಿಗೆ ಎದುರಿನವನ ಭಾಷೆಯೂ ಮರೆತಿತ್ತು. ಅವನು ಪಿಳಿಪಿಳಿ ನೋಡಿ ಹೋದ.

ಗುರುದೇವಿ ನಕ್ಕಳು. ಮಸರತಳೂ ನಕ್ಕಳು. ಅನ್ನ ಬರುವ ಹೊತ್ತಿಗೆ ಗೋಡೆಯ ಗಡಿಯಾರದಲ್ಲಿ ಎರಡೂವರೆ. ಗುರುದೇವಿ ಎದ್ದಳು. ಅವಳ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬ ಕೂತಿದ್ದ.

ಮೇಳಕ್ಕೆ ಮರಳಿದಾಗ ಎರಡೂ ಮುಕ್ಕಾಲು. ದಾನೇಶ್ವರಿ ಬೈಯುತ್ತಲೇ ಹಂಚು ಕಟ್ಟುತ್ತಿದ್ದಳು. ಗುರುದೇವಿ ಉಳಿದ ಐದು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಮಸರತ ಸ್ಕೂಟಿಯ ಮೇಲೆ ಕೂತೇ ಒಂದರ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು.

“ಅದೇ ಕೈ,” ಎಂದಳು. ಕಣ್ಣು ಒರೆಸಿಕೊಳ್ಳದೆ ಗಾಡಿ ಶುರು ಮಾಡಿದಳು.

ರೈಲು ತಾಂಡೂರು ದಾಟುವ ಮೊದಲು ಗುರುದೇವಿಯ ಫೋನಿಗೆ ಧ್ವನಿ ಸಂದೇಶ ಬಂತು. ಮಸ್ತಾನಬಿಯದು.

“ಗುರುದೇವಿ, ಬೇಟಾ, ಮುಂಜಾನೆದ್ದು ಖಟ್ಟಿ ದಾಲ್ ಮಾಡಿದ್ದೆ ನಿನಗಂತ. ಹೊಸ ಗಡಿಗಿ ತಂದಿದ್ದೆವಾ, ಮಾಂಸ ಮುಟ್ಟಿಲ್ಲ ಅದಕ್ಕ. ಇಕಿನೇ ಒಲ್ಲೆಂದಳು. ಕರದರ ಅಕಿಗಿ ಇಲ್ಲ ಅನ್ನಾಕ ಕಷ್ಟ, ಉಂಡರ ಊರಾಗ ಕಷ್ಟ, ನಾ ಕರಿಯಂಗಿಲ್ಲ ಅಂದಳು. ಈಗ ನಿನ್ನ ರೊಟ್ಟಿ ಜೋಡಿ ನಾವೇ ಉಣ್ಣಾಕತ್ತೀವಿ.”

ಗುರುದೇವಿ ಎರಡು ಸಲ ಕೇಳಿದಳು. ಆಮೇಲೆ ಫೋನು ಬಾಯಿಯ ಹತ್ತಿರ ಹಿಡಿದು, ಪಕ್ಕದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ನಾ ಉಣ್ತಿದ್ದೆ ಚಾಚಿ.”

ತಿರುಗಿ ಬಂದದ್ದು ಮಸರತಳ ಧ್ವನಿ, ಬಾಯಲ್ಲಿ ತುತ್ತಿತ್ತು. “ಮತ್ತ ಬಾಯಿಲೆ ಹೇಳಬೇಕಿಲ್ಲೇನೇ, ಹುಚ್ಚಿ.”

ದಾನೇಶ್ವರಿ ಬುತ್ತಿ ಬಿಚ್ಚಿ ಎಲ್ಲರ ಕೈಗೂ ರೊಟ್ಟಿ ಹಾಕಿದಳು. “ದೊಡ್ಡ ಊರಾಗ ಎಲ್ಲಿ ಉಂಡೀವಾ ಗುರುದೇವಿ? ನಮಗೂ ಹೇಳು.”

“ಎಲ್ಲೂ ಉಣಲಿಲ್ರೀ ಅಕ್ಕಾ.”

ಗುರುದೇವಿ ಕಳಕೊಂಡದ್ದು ಇಷ್ಟು: ಒಂದೂ ಮುಕ್ಕಾಲು ತಾಸು, ಒಂದು ಗಡಿಗೆ ಬೇಳೆ, ಒಂದು ಊಟ.