ಮೇಲಿನಿಂದ ಎರಡನೆಯ ಮಹಡಿ

ಮಗಳಿಗೆ ಏಳು ವರ್ಷವಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಅವಳ ಹುಬ್ಬಿಗೆ ಐದು ಹೊಲಿಗೆ, ನನ್ನ ತುಟಿಗೆ ಮೂರು. "ಅಪ್ಪನ ಕೈ ಇನ್ನೊಂದು ಸಲ ನಿನ್ನ ಮೈ ಮುಟ್ಟಲ್ಲ. ನಾನಿದೀನಿ," ಎಂದೆ. ಅವಳು ನನ್ನ ತುಟಿಯನ್ನೇ ನೋಡಿದಳು. ಅಂದೇ ಮನೆ ಬಿಟ್ಟೆವು.

ಅವಳ ಅಪ್ಪ ಹಗ್ಗದಲ್ಲಿ ನೇತಾಡುತ್ತ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವನು. ಜೊತೆಯವರು ಅವನನ್ನು ಹಲ್ಲಿ ಎಂದು ಕರೆಯುತ್ತಿದ್ದರು, ಅವನು ಅದಕ್ಕೆ ಬೀಗುತ್ತಿದ್ದ. ಗೋಡೆಯ ಮೇಲೆ ಅಷ್ಟು ನಾಜೂಕಾಗಿ ಆಡುವ ಕೈ ಮನೆಯ ಹೊಸ್ತಿಲು ದಾಟಿದರೆ ಬೇರೆಯೇ ಆಗುತ್ತಿತ್ತು. ಅಂಥವನ ಜೊತೆ ಒಂಬತ್ತು ವರ್ಷ ಬಾಳಿದೆ.

ಆಮೇಲೆ ನಾಲ್ಕು ವರ್ಷ ಅಕ್ಕನ ಮನೆಯ ಒಂದು ಕೋಣೆ. ನೆಲಮಹಡಿ, ಬೀದಿಗೆ ತಾಗಿದ ಕಿಟಕಿ. ಒಂದು ಸಂಜೆ ಅಲ್ಲಿಗೂ ಬಂದ. ಕಿಟಕಿಯ ಸರಳಿನೊಳಗೆ ಕೈ ತೂರಿಸಿ, ಪಾತ್ರೆ ತೊಳೆಯುತ್ತಿದ್ದ ನನ್ನ ಜಡೆ ಹಿಡಿದು ಎಳೆದ. ಹಣೆ ಸರಳಿಗೆ ನಾಲ್ಕು ಸಲ ಬಡಿದದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಅಕ್ಕ ಕುದಿಯುವ ನೀರು ಎರಚಿದ ಮೇಲೆ ಬಿಟ್ಟನಂತೆ.

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಹಣೆಯ ಗಾಯ ನೋಡಿ ಕೆಲಸಗಾರರ ವಸತಿಯಲ್ಲಿ ಮನೆ ಕೊಟ್ಟರು. ಮ್ಯಾನೇಜರು ಎರಡು ಬೀಗದ ಕೈ ಹಿಡಿದು ನಿಂತಿದ್ದರು.

"ನೆಲಮಹಡಿ ಬೇಕೋ, ಒಂಬತ್ತನೇದೋ? ಒಂಬತ್ತರ ಮೇಲೆ ಇನ್ನೊಂದೇ ಮಹಡಿ, ಆಮೇಲೆ ಟೆರೇಸು. ಲಿಫ್ಟು ಅದಕ್ಕೆ ಮನಸ್ಸಾದಾಗ ಮಾತ್ರ ಬರುತ್ತೆ. ಆಮೇಲೆ ನನ್ನ ಬೈಬೇಡಿ."

"ಮೇಲಿನದೇ ತಗೋ," ಎಂದಳು ಅಕ್ಕ. "ಗೇಟಲ್ಲಿ ಕಾವಲಿನವನಿದಾನೆ, ಬಾಗಿಲಿಗೆ ಎರಡೆರಡು ಚಿಲಕ. ಆ ಮಹಾನುಭಾವ ಒಂಬತ್ತು ಮಹಡಿ ಹತ್ತೋ ಹೊತ್ತಿಗೆ ಸಿಟ್ಟೂ ಇಳಿದಿರುತ್ತೆ, ಉಸಿರೂ ನಿಂತಿರುತ್ತೆ."

ಮಗಳು ನನ್ನ ಸೆರಗು ಜಗ್ಗಿದಳು. "ಕೆಳಗಿಂದು ತಗೊಳಮ್ಮ. ಅಪ್ಪ ಬಂದ್ರೆ ಓಡಬಹುದು. ಮೇಲಿಂದ ಎಲ್ಲಿಗೆ ಓಡೋದು?"

"ಬರೋಕೇ ಆಗದಿದ್ರೆ ಓಡೋದ್ಯಾಕೆ ಪುಟ್ಟಿ?" ಎಂದು ಒಂಬತ್ತರ ಬೀಗದ ಕೈ ಇಸಿದುಕೊಂಡೆ. ಅಲ್ಲಿಯ ಕಿಟಕಿಗೆ ಸರಳು ಕೂಡ ಇರಲಿಲ್ಲ. ಅಷ್ಟೆತ್ತರಕ್ಕೆ ಯಾವ ಕಳ್ಳ ಬಂದಾನು ಎಂದು ಕಟ್ಟಿಸಿದವರ ಲೆಕ್ಕ, ನನ್ನದೂ ಅದೇ.

ಹಗ್ಗದವರು ಮಹಡಿಗಳನ್ನು ಮೇಲಿನಿಂದ ಎಣಿಸುತ್ತಾರೆ. ಹಗ್ಗ ಕಟ್ಟುವುದು ಟೆರೇಸಿನಲ್ಲಿ. ಅವರು ಇಳಿಯುವವರು, ಹತ್ತುವವರಲ್ಲ. ಊಟಕ್ಕೆ ಕೂತು "ಇವತ್ತು ಎರಡನೇ ಮಹಡಿ ಮುಗೀತು" ಎಂದರೆ ತುದಿಯಿಂದ ಎರಡನೆಯದು. ಒಂಬತ್ತು ವರ್ಷ ಅನ್ನ ಬಡಿಸುತ್ತ ಕೇಳಿದ ಈ ಮಾತು ಬೀಗದ ಕೈ ಇಸಿದುಕೊಳ್ಳುವಾಗ ನನ್ನ ತಲೆಗೇ ಬರಲಿಲ್ಲ.

ಎಂಟು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದೆವು. ಒಂಬತ್ತನೆಯ ತಿಂಗಳು ನಮ್ಮ ಕಟ್ಟಡಕ್ಕೆ ಬಣ್ಣ ಬಳಿಯುವವರು ಬಂದರು. ಮೊದಲ ದಿನ ಕೆಳಗಿಳಿದು ನಾಲ್ವರ ಮುಖವನ್ನೂ ಹತ್ತಿರದಿಂದ ನೋಡಿ ಬಂದೆ. ಅವನಿರಲಿಲ್ಲ.

ಐದನೆಯ ದಿನ ನನಗೆ ರಜೆ. ಬೆಳಗ್ಗೆ ಹತ್ತೂವರೆ. ಮಗಳು ಕಿಟಕಿಯ ಬಳಿ ಮೇಜಿನಲ್ಲಿ ಬರೆಯುತ್ತಿದ್ದಳು. ನಾನು ನೆಲದ ಮೇಲೆ ಬಟ್ಟೆ ಹರಡಿಕೊಂಡು ಅವಳ ಲಂಗಕ್ಕೆ ಅಸ್ತರಿ ಕತ್ತರಿಸುತ್ತಿದ್ದೆ. ಗಾಜಿಗೆ ಟಕ್ ಟಕ್ ಎಂದು ಎರಡು ಸಲ ಬಡಿದ ಸದ್ದಾಯಿತು.

ಎರಡು ಸಲ ಬಡಿದರೆ ಚಿಲಕ ತೆಗೆಯಿರಿ ಎಂದರ್ಥ. ಮುಚ್ಚಿದ ಕಿಟಕಿಗೆ ಬಳಿದರೆ ಬಣ್ಣ ಒಣಗಿ ರೆಕ್ಕೆ ಚೌಕಟ್ಟಿಗೆ ಅಂಟಿಕೊಳ್ಳುತ್ತದೆ, ಬೈಗುಳ ಬಣ್ಣದವನಿಗೆ. ಒಳಗಿನ ಹೆಂಗಸರು ಚಿಲಕ ತೆಗೆಯದೆ ಸತಾಯಿಸುತ್ತಾರೆ ಎಂಬ ಗೊಣಗಾಟ ಕೇಳುತ್ತಲೇ ಸಂಸಾರ ಮಾಡಿದವಳು ನಾನು. ಬೇರೆ ಯಾವ ಹೆಂಗಸಾದರೂ ಯಾರದು ಎಂದು ಕೇಳುತ್ತಿದ್ದಳು. ನಾನು ಎದ್ದು, ಮುಖ ನೋಡುವ ಮೊದಲೇ ಚಿಲಕ ತೆಗೆದೆ.

ಅವನು ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆ ಸರಿಸಿದ. "ಏನೇ, ಎರಡನೇ ಮಹಡೀಲಿ ಮನೆ ಮಾಡಿದೀಯಂತೆ?"

ಕಿಟಕಿಯನ್ನು ಕಾಲಿನಿಂದ ಒಳಕ್ಕೆ ಒದ್ದ. ರೆಕ್ಕೆ ಮೂಗಿಗೆ ಬಡಿದು ಅಂಗಾತ ಬಿದ್ದೆ. ಕಣ್ಣು ಬಿಡುವಷ್ಟರಲ್ಲಿ ಅವನ ಒಂದು ಮೊಣಕಾಲು ಕಿಟಕಿಯ ಕಟ್ಟೆಯ ಮೇಲಿತ್ತು, ಮಗಳ ಬಲಗೈ ಅವನ ಮುಷ್ಟಿಯಲ್ಲಿತ್ತು.

"ಬಾರೇ. ಅಪ್ಪನ ಮುಖ ಮರ್ತೇ ಹೋಯ್ತಾ? ಹೊರಗಡೆ ಗಾಳಿ ಚೆನ್ನಾಗಿದೆ ಬಾ."

ಎಳೆದ. ಅವಳು ಮೇಜಿನ ಕಾಲಿಗೆ ಪಾದ ಸಿಕ್ಕಿಸಿಕೊಂಡಳು. ಮೇಜೂ ಕಿರ್ ಎಂದು ಅವಳ ಜೊತೆ ಸರಿಯಿತು. ಸೊಂಟದವರೆಗೆ ಹೊರಗೆ ಹೋದಳು. ಅವನು ಕೈಯನ್ನು ಕಟ್ಟೆಯ ಅಂಚಿಗೆ ಒತ್ತಿ ತಿರುಚಿದ. ಒಣ ಕಡ್ಡಿ ಮುರಿದ ಹಾಗೆ ಸದ್ದು ಬಂತು.

ಕತ್ತರಿ ನನ್ನ ಕೈಯಲ್ಲೇ ಇತ್ತು. ಅವನ ಮುಂಗೈಗೆ ಚುಚ್ಚಿದೆ. ಬಿಡಲಿಲ್ಲ. ಎಳೆದು ಮತ್ತೆ ಚುಚ್ಚಿದೆ. ಮೂರನೆಯ ಸಲ ತೊಡೆಗೆ ಹಿಡಿಯವರೆಗೂ ಇಳಿಸಿ ಕಿತ್ತುಕೊಂಡೆ. ಮುಷ್ಟಿ ಸಡಿಲವಾಯಿತು. ಮಗಳನ್ನು ಕೂದಲು ಹಿಡಿದೇ ಒಳಗೆಳೆದೆ. ಅವನು ಜಾರಿ ಹೊರಗೆ ನೇತಾಡಿದ. ಹೊಸದಾಗಿ ಬಳಿದ ಹಸಿ ಬಣ್ಣದ ಮೇಲೆಲ್ಲ ರಕ್ತ. ನಾನು ಕತ್ತರಿ ಹಿಡಿದು ಹಗ್ಗದ ಕಡೆ ಬಾಗಿದೆ.

"ಹಗ್ಗ ಕತ್ತರಿಸ್ತೀಯಾ? ಕತ್ತರಿಸೇ, ನೋಡೋಣ!" ಎಂದು ಗೋಡೆಗೆ ಒದೆಯುತ್ತ ನಕ್ಕ. "ಎರಡಿದೆ ಕಣೇ!"

ಎರಡಿರುವುದು ನನಗೂ ಗೊತ್ತಿತ್ತು. ಒಂದು ಕೆಲಸದ ಹಗ್ಗ, ಇನ್ನೊಂದು ಜೀವ ಕಾಯುವುದು. ಹನ್ನೆರಡು ಪದರ ಬಟ್ಟೆ ಕತ್ತರಿಸುವ ಕತ್ತರಿ ಅದು. ಮೊದಲನೆಯದು ಮೂರು ಅದುಮಿಗೆ ತುಂಡಾಯಿತು. ಅವನು ಒಂದಾಳುದ್ದ ಬಿದ್ದ. ಎರಡನೆಯ ಹಗ್ಗ ಜಗ್ಗಿ ನಿಂತಿತು, ಮುಖ ಎಂಟನೆಯ ಮಹಡಿಯ ಕಿಟಕಿ ಮೇಲಿನ ಸಜ್ಜೆಗೆ ಅಪ್ಪಳಿಸಿತು. ತಲೆಯೆತ್ತಿದಾಗ ಮುಂದಿನ ಹಲ್ಲುಗಳಿರಲಿಲ್ಲ.

"ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ, ಬೇಡ."

ಎರಡನೆಯದನ್ನೂ ಬಾಗಿ ಹಿಡಿದೆ. ಒಂದು ಎಳೆ ಹೋಯಿತು. ಇನ್ನೊಂದೂ ಹೋಯಿತು. ಕಡಿದುಬಿಡಬೇಕೆಂದೇ ಹಿಡಿದಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದಿನಿಂದ ಮಗಳು, "ಅಮ್ಮಾ, ನನ್ನ ಕೈ ಹಿಂದೆಮುಂದೆ ಆಗ್ಬಿಟ್ಟಿದೆ, ನೋಡಿಲ್ಲಿ," ಎಂದಳು.

ಕತ್ತರಿ ಬಿಸಾಡಿ ಅವಳ ಕಡೆ ತಿರುಗಿದೆ.

ಅವನನ್ನು ಬಣ್ಣದ ಮೇಸ್ತ್ರಿಯ ಆಳುಗಳು ಮೇಲೆಳೆದರು, ಪೊಲೀಸರು ಕರೆದೊಯ್ದರು. ಆಸ್ಪತ್ರೆಗೆ ಬಂದ ಮೇಸ್ತ್ರಿ ನನ್ನ ಮುಖ ನೋಡಲಾರದೆ ನಿಂತ. "ನಮ್ಮವನೊಬ್ಬನಿಗೆ ಜ್ವರ ಬಂತಮ್ಮ. ಬದಲಿಗೆ ಇವನೇ ಹುಡುಕ್ಕೊಂಡು ಬಂದ. ಒಳ್ಳೆ ಕೆಲಸಗಾರ ಅಂತ ಸೇರಿಸ್ಕೊಂಡೆ."

ಮಗಳ ಕೈ ಎರಡು ಕಡೆ ಮುರಿದಿತ್ತು, ಒಳಗೆ ಕಬ್ಬಿಣದ ಪಟ್ಟಿ ಕೂರಿಸಿದರು. ನಾವೀಗ ನೆಲಮಹಡಿಯಲ್ಲಿದ್ದೇವೆ. ಅವಳ ಅಪ್ಪನ ಕೈ ಅವಳನ್ನು ಮುಟ್ಟಿತು. ನಾನು ಕೊಟ್ಟ ಮಾತು ಉಳಿಯಲಿಲ್ಲ.