ಹೇಡಿ ಅನ್ನಿಸಿಕೊಂಡ ನಾಯಿ

ಸಾತವ್ವನಿಗೆ ಸಿಟ್ಟು ಬಂದು ಹದಿನೈದು ದಿನವಾಗಿತ್ತು, ಇಳಿದಿರಲಿಲ್ಲ. ಅವಳು ಮರಿಯಿಂದ ಸಾಕಿದ ಬಿಜಲಿಗೆ ಏನೋ ಆಗಿತ್ತು, ಮನೆಯ ಗಂಡಸಿಗೆ ಅದು ರೋಗವೆಂದೇ ತೋರುತ್ತಿರಲಿಲ್ಲ. ಬಾಣ ಬಿಟ್ಟಂತೆ ಓಡುತ್ತಿದ್ದ ನಾಯಿ ಹಗಲೆಲ್ಲ ಬಿದ್ದು ನಿದ್ದೆ ಮಾಡುತ್ತಿತ್ತು. ಎಬ್ಬಿಸಿದರೆ ಕಾಲು ತೊಡರುತ್ತಿತ್ತು. ತಟ್ಟೆ ಬಿದ್ದ ಸದ್ದಿಗೂ ಹೊರಸಿನ ಕೆಳಗೆ ನುಸುಳಿ ಗಡಗಡ ನಡುಗುತ್ತಿತ್ತು.

ಗಂಡ ಹುಲೆಪ್ಪನಿಗೆ ಮರ್ಯಾದೆಯದೇ ಚಿಂತೆ. ಅವರ ಮನೆಯ ಮುಧೋಳ ನಾಯಿ ಎಂದರೆ ರನ್ನ ಬೆಳಗಲಿಯಲ್ಲಿ ಒಂದು ಹೆಸರು. ಅಜ್ಜನ ಕಾಲದಿಂದ ಬಂದ ತಳಿ. ಅಂಥ ಮನೆಯಲ್ಲಿ ಇಂಥ ಹೇಡಿ ಹುಟ್ಟಿ ತಳಿಗೇ ಮಸಿ ಬಳಿಯಿತೆಂದು ಅದನ್ನು ಒದ್ದ. ಸೋಮವಾರ ಮಧ್ಯಾಹ್ನ ಅವನ ಗೆಳೆಯ ಲಗಮಪ್ಪ ತನ್ನ ಟೆಂಪೋದಲ್ಲಿ ಒಯ್ದು ಮಹಾಲಿಂಗಪುರದ ಆಚೆ ಬಿಟ್ಟುಬರುವುದೆಂದು ಮಾತೂ ಆಯಿತು. ಕಾಲು ತೊಡರುವ ನಾಯಿ ಕಬ್ಬಿನ ಟ್ರ್ಯಾಕ್ಟರುಗಳ ಆ ರಸ್ತೆಯಲ್ಲಿ ಸಂಜೆಯವರೆಗೂ ಬದುಕುವುದಿಲ್ಲವೆಂದು ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಸಾತವ್ವ ಯಾರನ್ನೂ ಕೇಳಲಿಲ್ಲ. ಬಿಜಲಿಯನ್ನು ಟಂಟಂ ಆಟೋ ಹತ್ತಿಸಿಕೊಂಡು ಮುಧೋಳದ ದನದ ದವಾಖಾನೆಗೆ ಹೋದಳು.

ಡಾಕ್ಟರ್ ಗಂಗಾಂಬಿಕಾ ಕಣ್ಣು ನೋಡಿದರು, ರಕ್ತ ತೆಗೆದು ಪರೀಕ್ಷಿಸಿದರು. ಉಣ್ಣಿ ಕಚ್ಚಿ ಬರುವ ಜ್ವರ ಇರಲಿಲ್ಲ. ಏನು ತಿನ್ನಿಸುತ್ತೀರಿ, ಮೈಗೆ ಏನು ಹಚ್ಚುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಮೈಗೆ ಏನಿಲ್ಲ ಎಂದವಳು ಆಮೇಲೆ ನೆನೆಸಿಕೊಂಡು ಹೇಳಿದಳು. ಸೋಮವಾರಕ್ಕೊಮ್ಮೆ ಎಮ್ಮೆಗಳ ಮೈ ತೊಳೆದು ಉಣ್ಣಿ ಸಾಯುವ ಔಷಧ ಹಚ್ಚುತ್ತಾರೆ. ಬಕೆಟ್ಟಿನಲ್ಲಿ ಉಳಿದದ್ದನ್ನು ಸುಮ್ಮನೆ ಯಾಕೆ ಚೆಲ್ಲಬೇಕೆಂದು ಹುಲೆಪ್ಪ ನಾಯಿಯ ಮೇಲೆ ಸುರಿಯುತ್ತಾನೆ. ಉಣ್ಣಿ ಹೆಚ್ಚಾದವೆಂದು ಎರಡು ತಿಂಗಳಿಂದ ಔಷಧವನ್ನೂ ಇಮ್ಮಡಿ ಕಲಸುತ್ತಾನೆ.

"ನಾಯಿ ಹೇಡಿ ಅಲ್ಲವ್ವಾ, ಅದರ ಮೈಯಾಗ ವಿಷ ಏರೈತಿ," ಎಂದರು ಡಾಕ್ಟರ್. "ಎಮ್ಮಿ ತೊಗಲೇನು, ಇದರ ತೊಗಲೇನು? ಇನ್ನೊಂದು ಸಲ ಸುರದ್ರ ಉಳಿಯಂಗಿಲ್ಲ."

ಮೈ ತೊಳೆಸಿ, ಸೂಜಿ ಮಾಡಿ, ನಿಧಾನಕ್ಕೆ ಸುಧಾರಿಸುತ್ತದೆ ಎಂದು ಕಳಿಸಿದರು. ದಾರಿಯುದ್ದಕ್ಕೂ ಸಾತವ್ವ ಅದನ್ನೇ ಯೋಚಿಸಿದಳು. ತಾನೇ ವಿಷ ಸುರಿದು, ನಡುಗಿದ್ದಕ್ಕೆ ತಾನೇ ಒದೆಯುವವನು ಎಂಥ ಗಂಡಸು? ಎಂಟು ಸೋಮವಾರ ಪಕ್ಕದಲ್ಲೇ ನಿಂತು ನೋಡಿದ ತನ್ನ ಮೇಲೂ ಅವಳಿಗೆ ಸಿಟ್ಟಿತ್ತು.

ಮನೆಗೆ ಬಂದರೆ ಟೆಂಪೋ ನಿಂತಿತ್ತು. ಲಗಮಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಹುಲೆಪ್ಪ ಎಮ್ಮೆಗಳ ಕೆಲಸ ಮುಗಿಸಿದ್ದ. ಔಷಧ ತನ್ನ ಕೈಗೆ ತಾಗದಂತೆ ಅರಿವೆ ಕಟ್ಟಿಕೊಂಡಿದ್ದ ಉದ್ದ ಕೋಲು ಗೋಡೆಗೆ ಒರಗಿತ್ತು, ಬಕೆಟ್ಟಿನಲ್ಲಿ ಅರ್ಧ ಔಷಧ ಉಳಿದಿತ್ತು. ಸಾತವ್ವ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದಳು. ಅವನು ನಕ್ಕ. ಮುಧೋಳ ನಾಯಿ ಸಾಕುವುದನ್ನು ದವಾಖಾನೆಯವರು ತನಗೆ ಕಲಿಸಬೇಕೇ, ಅದರಿಂದ ಏನೂ ಆಗುವುದಿಲ್ಲ ಎಂದ. ಲಗಮಪ್ಪನೂ ಹಲ್ಲು ಕಿರಿದ.

ಸಾತವ್ವ ಬಿಜಲಿಯ ಹಗ್ಗ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಬಕೆಟ್ಟನ್ನು ಎತ್ತಿ ಗಂಡನ ಮುಂದಿಟ್ಟಳು.

"ಏನೂ ಆಗಂಗಿಲ್ಲಂದ್ರ ಅಂಗಿ ಕಳೀರಿ," ಎಂದಳು. "ಇವತ್ತ ನಿಮ್ಮ ಮೈಮ್ಯಾಲ ನಾ ಸುರೀತೇನಿ. ಎಂಟು ಸೋಮವಾರ ಸುರೀತೇನಿ. ಆಮ್ಯಾಲ ಯಾರು ಹೇಡಿ ಅಂತ ಊರೋರನ್ನ ಕೇಳೂಣು."

ಇಟ್ಟ ರಭಸಕ್ಕೆ ಒಂದಿಷ್ಟು ಔಷಧ ತುಳುಕಿ ಹುಲೆಪ್ಪನ ಬರಿಗಾಲಿನ ಕಡೆ ಹರಿಯಿತು. ಲಗಮಪ್ಪನ ಎದುರಿಗೇ ಅವನು ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡ.